ಆಮ್ಲಜನಕ ತಗ್ಗಿಸಿ ಪಥ್ಯ ಅಳೆಯಬಹುದೇ?

ಅನ್ನ, ಮುದ್ದೆ ಬಿಟ್ಟು ಪಿಷ್ಟ ತಗ್ಗಿಸಿ ಕೊಬ್ಬು ಹೆಚ್ಚಿಸುವ ಕೀಟೋ ಪಥ್ಯ ಹಿಡಿದಿದ್ದೀರಿ. ಮೈಯಲ್ಲಿ ಏನು ಬದಲಾಯಿತೆಂದು ತಿಳಿಯಲು ಜಿಮ್‌ನವರು ಹೇಳುವ, ಆಮ್ಲಜನಕ ತಗ್ಗಿಸಿದ ಗಾಳಿ ಉಸಿರಾಡಿಸುವ ‘ಕಡಿಮೆ ಆಮ್ಲಜನಕ ಪರೀಕ್ಷೆ’ ಮಾಡಿಸಲೇ ಎಂದು ಕೇಳಿದ್ದೀರಿ. ಬೇಡ.

ಅದರ ಹಿಂದಿನ ವಿಜ್ಞಾನವೇನೂ ಸುಳ್ಳಲ್ಲ. ಒಂದು ಲೀಟರ್ ಆಮ್ಲಜನಕದಲ್ಲಿ ಪಿಷ್ಟ ಉರಿದರೆ ಸುಮಾರು 5 ಕಿಲೊಕ್ಯಾಲೊರಿ ಸಿಗುತ್ತದೆ, ಕೊಬ್ಬು ಉರಿದರೆ 4.7. ಮೈ ಪಿಷ್ಟದ ಬದಲು ಕೊಬ್ಬು ಉರಿಸತೊಡಗಿದರೆ, ಬಿಡುವ ಇಂಗಾಲದ ಡೈಆಕ್ಸೈಡಿಗೂ ಬಳಸುವ ಆಮ್ಲಜನಕಕ್ಕೂ ಇರುವ ಅನುಪಾತ 1ರಿಂದ 0.7ರತ್ತ ಇಳಿಯುತ್ತದೆ. ಆದರೆ ಈ ಅನುಪಾತವನ್ನು ಮಾಮೂಲಿ ಗಾಳಿಯಲ್ಲೇ ಅಳೆಯಬಹುದಲ್ಲ! ಉಸಿರು ಕಟ್ಟಿಸುವ ಅಗತ್ಯವೇನು? ಮೇಲಾಗಿ ಶ್ವಾಸಕೋಶದ ತೊಂದರೆ, ಧೂಮಪಾನ ಕೂಡ ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಹೃದ್ರೋಗಿಗಳಿಗಂತೂ ಈ ಪರೀಕ್ಷೆ ಅಪಾಯ.

ಬದಲಿಗೆ ರಕ್ತದ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಕೊಬ್ಬು ತಿಳಿಸುವ ಲಿಪಿಡ್ ಪ್ರೊಫೈಲ್ ಮಾಡಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ಕೀಟೋ ವಿಷಯವನ್ನು ನಿಮ್ಮ ವೈದ್ಯರಿಗೆ ಇಂದೇ ತಿಳಿಸಿ.