ಬ್ರಷ್ಷಿನ ಖರ್ಚು ಯಾರದು, ಉಳಿತಾಯ ಯಾರಿಗೆ?

ಕಳೆದ ಗಣೇಶ ಹಬ್ಬದ ಊಟ ಮುಗಿದು ಎಲ್ಲರೂ ಪಾತ್ರೆ ತೊಳೆಯುತ್ತಿದ್ದಾಗ, ಇಲ್ಲೇ ಪಿಎಚ್‌ಡಿ ಮಾಡುತ್ತಿರುವ ಪಾವಗಡದ ಅಕ್ಕ ಕೈಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದರು. "ನೀನು ಬಿಡಿಎಸ್ ಓದಿದೋನಲ್ವೇನೋ, ಇದಕ್ಕೆ ಸೈನ್ ಹಾಕ್ಲಾ ಬೇಡ್ವಾ ಹೇಳು." ಅವರ 4 ವರ್ಷದ ಮಗಳ ನರ್ಸರಿಯಿಂದ ಬಂದ ಒಪ್ಪಿಗೆ ಪತ್ರ ಅದು. ದಿನಕ್ಕೊಂದು ಸಲ ನರ್ಸರಿಯಲ್ಲೇ, ಟೀಚರ್ ಕಣ್ಣೆದುರು, ಫ್ಲೋರೈಡ್ ಇರುವ ಪೇಸ್ಟಿನಿಂದ ಮಕ್ಕಳಿಗೆ ಹಲ್ಲುಜ್ಜಿಸುತ್ತಾರಂತೆ.

ಅಕ್ಕನ ಅನುಮಾನ ಸಣ್ಣದೇನಲ್ಲ. "ಫ್ಲೋರೈಡ್ ನೀರು ಕುಡಿದೇ ನಮ್ಮೂರಲ್ಲಿ ಎಷ್ಟೋ ಜನರ ಹಲ್ಲು ಕಂದಿರೋದು. ಇಲ್ಲಿ ನೋಡಿದ್ರೆ ಅದನ್ನೇ ಬ್ರಷ್ಷಿಗೆ ಹಚ್ಚಿ ಕೊಡ್ತಾರಂತೆ!" ಪಾವಗಡ, ಕೋಲಾರ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಮೊದಲು ಆ ಲೆಕ್ಕ ನೋಡೋಣ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಬೇರೆ ದಾರಿಯಿಲ್ಲದಾಗ ಒಪ್ಪುವ ಮೇಲ್ಮಿತಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್. ಬೋರ್‌ವೆಲ್ ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ, ದಿನಕ್ಕೆ ಒಂದು ಲೀಟರ್ ಕುಡಿಯುವ ಮಗುವಿನ ಹೊಟ್ಟೆಗೆ 3 ಮಿಲಿಗ್ರಾಂ ಹೋಗುತ್ತದೆ, ವರ್ಷಗಟ್ಟಲೆ, ಅದೂ ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ. ಇನ್ನು ಇಲ್ಲಿ 3 ವರ್ಷ ದಾಟಿದ ಮಕ್ಕಳಿಗೆ ಕೊಡುವುದು ಬಟಾಣಿ ಕಾಳಿನಷ್ಟು ಪೇಸ್ಟ್, ಅಂದಾಜು ಕಾಲು ಗ್ರಾಂ. 1450 ಪಿಪಿಎಂ ಪೇಸ್ಟ್ ಆದರೆ ಅದರಲ್ಲಿರುವ ಫ್ಲೋರೈಡ್ 0.36 ಮಿಲಿಗ್ರಾಂ. ಅದನ್ನೂ ನುಂಗುವುದಿಲ್ಲ, ಉಗುಳುತ್ತಾರೆ. ಉಗುಳಿದ ಮೇಲೆ ಬಾಯಿ ಮುಕ್ಕಳಿಸಬಾರದು, ಅಷ್ಟೇ. ಹಲ್ಲಿನ ಮೇಲ್ಮೈಯಲ್ಲಿ ಉಳಿದ ಆ ತೆಳು ಲೇಪವೇ ಹುಳುಕನ್ನು ತಡೆಯುವುದು. (ಉಜ್ಜಿದ ತಕ್ಷಣ ಗಳಗಳ ಅಂತ ನಾಲ್ಕು ಸಲ ಮುಕ್ಕಳಿಸುವುದು ನಮ್ಮೆಲ್ಲರ ಅಭ್ಯಾಸ. ನನಗೂ ಬಿಡಲು ಒಂದು ವರ್ಷ ಹಿಡಿಯಿತು.)

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಸರಿ, ಪುಕ್ಕಟೆ ಕೊಡ್ತಿದಾರಲ್ಲ, ದುಡ್ಡು ಯಾರದು?" ಪಬ್ಲಿಕ್ ಹೆಲ್ತ್ ಓದುತ್ತಿರುವ ನನಗೆ ಇದಕ್ಕೆ ಸರಿಯಾದ ಉತ್ತರ ಕೊಡಲು ಆವತ್ತು ಆಗಲಿಲ್ಲ. ಎನ್‌ಎಚ್‌ಎಸ್ ಇರಬೇಕು ಅಂದುಬಿಟ್ಟೆ. ತಪ್ಪು. ಈ ಲೇಖನ ಆ ತಪ್ಪಿಗೆ ದಂಡ ಅಂತಲೇ ಇಟ್ಟುಕೊಳ್ಳಿ.

ಇಂಗ್ಲೆಂಡಿನಲ್ಲಿ ಹಲ್ಲು ಕೀಳುವ, ತುಂಬುವ ಖರ್ಚು ಎನ್‌ಎಚ್‌ಎಸ್‌ನದು. ಹಲ್ಲು ಕೆಡದ ಹಾಗೆ ನೋಡಿಕೊಳ್ಳುವ ಕೆಲಸ ಸ್ಥಳೀಯ ಕೌನ್ಸಿಲ್‌ನದು. 2012ರ ಕಾಯಿದೆಯ ಪ್ರಕಾರ 2013ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ಎನ್‌ಎಚ್‌ಎಸ್‌ನಿಂದ ಕೌನ್ಸಿಲ್‌ಗಳಿಗೆ ಬಂತು. ಅದರ ಜೊತೆಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ಒಂದು ಅನುದಾನ ಕೊಡುತ್ತದೆ. 2025-26ರಲ್ಲಿ ಅದು ಸುಮಾರು 385 ಕೋಟಿ ಪೌಂಡ್. ಆ ಹಣವನ್ನು ರಸ್ತೆ ಗುಂಡಿ ಮುಚ್ಚಲು ಬಳಸುವ ಹಾಗಿಲ್ಲ, ಆರೋಗ್ಯಕ್ಕೇ ಮೀಸಲು. ಕೇಳಲು ಚೆನ್ನಾಗಿದೆ. ಆದರೆ ಜನಸಂಖ್ಯೆ, ಬೆಲೆಯೇರಿಕೆ ಎರಡನ್ನೂ ಲೆಕ್ಕಕ್ಕೆ ಹಿಡಿದರೆ, 2015-16ಕ್ಕೆ ಹೋಲಿಸಿದಾಗ ತಲಾ ಅನುದಾನ ಸುಮಾರು ಕಾಲು ಭಾಗ ಕರಗಿದೆ.

ಆ ಹಣದೊಳಗೆ ಹಲ್ಲಿನ ಪಾಲೆಷ್ಟು? ನಿಯಮದಲ್ಲಿ ಕೌನ್ಸಿಲ್ ಬಾಯಿಯ ಆರೋಗ್ಯದ ಕಾರ್ಯಕ್ರಮ ನಡೆಸಲೇಬೇಕು ಎಂದಿದೆ. ಆದರೆ ಎಷ್ಟು? ತನಗೆ ಸೂಕ್ತವೆನಿಸಿದಷ್ಟು. ಇಡೀ ಕಥೆ ಈ ಮಾತಿನಲ್ಲೇ ಇದೆ. ಕೌನ್ಸಿಲ್‌ಗಳು ಸರ್ಕಾರಕ್ಕೆ ಕೊಡುವ ಖರ್ಚಿನ ಲೆಕ್ಕದಲ್ಲಿ ಲೈಂಗಿಕ ಆರೋಗ್ಯಕ್ಕೆ, ಮಾದಕ ವ್ಯಸನಕ್ಕೆ, 5 ವರ್ಷದೊಳಗಿನ ಮಕ್ಕಳ ಸೇವೆಗೆ ಬೇರೆ ಬೇರೆ ಬಾಬತ್ತುಗಳಿವೆ. ಹಲ್ಲಿಗೆ ಇಲ್ಲ. ಅದು ಅಪಘಾತ ತಡೆ, ಪೌಷ್ಟಿಕತೆ ಇತ್ಯಾದಿಗಳ ಜೊತೆ 'ಇತರೆ' ಎಂಬಲ್ಲಿ ಸೇರಿಹೋಗುತ್ತದೆ. ಮನೆ ಖರ್ಚು ಬರೆದಿಟ್ಟವರಿಗೆ ಗೊತ್ತು, ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು 'ಇತರೆ'ಗೇ.

ಹಾಗೆಂದು ಇದು ದಂಡದ ಖರ್ಚಲ್ಲ. 2016ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಮಾಡಿದ ಲೆಕ್ಕದಲ್ಲಿ, ನರ್ಸರಿಯಲ್ಲಿ ಹಲ್ಲುಜ್ಜಿಸಲು ಹಾಕಿದ 1 ಪೌಂಡಿಗೆ 5 ವರ್ಷದಲ್ಲಿ 3.06 ಪೌಂಡ್, 10 ವರ್ಷದಲ್ಲಿ 3.66 ಪೌಂಡ್ ಲಾಭ. ತಪ್ಪಿದ ಚಿಕಿತ್ಸೆಯ ಖರ್ಚಿನ ಜೊತೆ, ಹೆತ್ತವರು ಕೆಲಸಕ್ಕೆ ರಜೆ ಹಾಕುವುದು ತಪ್ಪಿದ್ದೂ ಇದರಲ್ಲಿ ಸೇರಿದೆ. ಬರೀ ಅಂಚೆಯಲ್ಲಿ ಬ್ರಷ್, ಪೇಸ್ಟ್ ಕಳಿಸಿದರೆ 5 ವರ್ಷಕ್ಕೆ 1.03 ಪೌಂಡ್ ಮಾತ್ರ, ಹಾಕಿದ್ದು ವಾಪಸ್ ಬಂದ ಹಾಗೆ. ಅಂದರೆ ಕೆಲಸ ಮಾಡುವುದು ಪುಕ್ಕಟೆ ಬ್ರಷ್ಷಲ್ಲ, ದಿನಾ ಪಕ್ಕದಲ್ಲಿ ನಿಂತು ಉಜ್ಜಿಸುವ ಟೀಚರ್.

ಅಷ್ಟು ಲಾಭ ಇದ್ದರೂ ಕೌನ್ಸಿಲ್ ಯಾಕೆ ಹಿಂದೆಮುಂದೆ ನೋಡುತ್ತದೆ? ಯಾಕೆಂದರೆ ಆ ಲಾಭ ಕೌನ್ಸಿಲ್‌ನ ಜೇಬಿಗೆ ಬರುವುದಿಲ್ಲ. ಈ ದೇಶದಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಕಾರಣಗಳಲ್ಲಿ ಮೊದಲ ಸ್ಥಾನ ಹುಳುಕು ಹಲ್ಲಿಗೆ. ಪೂರ್ತಿ ಅರಿವಳಿಕೆ ಕೊಟ್ಟು ಹಲ್ಲು ಕೀಳಿಸಲು, ಹುಳುಕಿನ ಕಾರಣಕ್ಕೇ ಎನ್‌ಎಚ್‌ಎಸ್ ವರ್ಷಕ್ಕೆ 4 ಕೋಟಿ ಪೌಂಡಿಗಿಂತ ಹೆಚ್ಚು ಖರ್ಚು ಮಾಡುತ್ತದೆ. ಒಂದು ಮಗುವಿಗೆ ಅದು ತಪ್ಪಿದರೆ ಉಳಿಯುವುದು ಆಸ್ಪತ್ರೆಯ ಹಣ. ಬ್ರಷ್ಷಿಗೆ, ಟೀಚರ್ ತರಬೇತಿಗೆ ಕೊಟ್ಟದ್ದು ಕೌನ್ಸಿಲ್. ಬಿತ್ತುವವರು ಒಬ್ಬರು, ಕಣದಲ್ಲಿ ರಾಶಿ ಎತ್ತುವವರು ಇನ್ನೊಬ್ಬರು.

ಸ್ಕಾಟ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ 'ಚೈಲ್ಡ್‌ಸ್ಮೈಲ್' ನಡೆಸುವುದು ಅಲ್ಲಿನ ಎನ್‌ಎಚ್‌ಎಸ್, ಹಣ ಕೊಡುವುದು ಅಲ್ಲಿನ ಸರ್ಕಾರ. ಜೇಬು ಒಂದೇ. ಅಲ್ಲಿ ನರ್ಸರಿ ಹಲ್ಲುಜ್ಜುವಿಕೆಗೆ ತಗಲುವ ಖರ್ಚು ವರ್ಷಕ್ಕೆ ಸುಮಾರು 17.6 ಲಕ್ಷ ಪೌಂಡ್ ಎಂದು ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಅದೇ ಅಧ್ಯಯನದ ಪ್ರಕಾರ 5 ವರ್ಷದ ಮಕ್ಕಳ ಹಲ್ಲಿನ ಚಿಕಿತ್ಸೆಯ ಖರ್ಚು 2001-02ರಲ್ಲಿ ಸುಮಾರು 87.7 ಲಕ್ಷ ಪೌಂಡ್ ಇದ್ದದ್ದು 2009-10ರ ಹೊತ್ತಿಗೆ 40.4 ಲಕ್ಷಕ್ಕೆ ಇಳಿಯಿತು. ನನಗೆ ಮುಖ್ಯವಾಗಿ ಕಂಡದ್ದು ನಡುವಿನ ಒಂದು ಸಾಲು. ಮೊದಲ ವರ್ಷ ಚಿಕಿತ್ಸೆಯ ಖರ್ಚು ಇಳಿಯಲಿಲ್ಲ, 2 ಲಕ್ಷ ಪೌಂಡಿನಷ್ಟು ಏರಿತು! ಆ ವರ್ಷದ ಅಂಕಿ ನೋಡಿ ಯಾರಾದರೂ ನಿಲ್ಲಿಸಿದ್ದರೆ?

ನಮ್ಮ ಹತ್ತಿರದ ಉದಾಹರಣೆ ಲೆಸ್ಟರ್. 2012ರ ಸಮೀಕ್ಷೆಯಲ್ಲಿ ಅಲ್ಲಿನ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 53 ಮಂದಿಗೆ ಹುಳುಕು, ಇಂಗ್ಲೆಂಡಿನಲ್ಲೇ ಅತಿ ಹೆಚ್ಚು. ಭಾರತೀಯ ಮೂಲದ ಕುಟುಂಬಗಳು ತುಂಬಿರುವ ಊರು ಎಂಬುದನ್ನೂ ನೆನಪಿಡಿ. ಆಮೇಲೆ ಆ ಕೌನ್ಸಿಲ್ ನರ್ಸರಿಗಳಲ್ಲಿ ಹಲ್ಲುಜ್ಜಿಸುವುದು, ಕುಟುಂಬಗಳಿಗೆ ಬ್ರಷ್-ಪೇಸ್ಟ್ ಕೊಡುವುದು ಶುರುಮಾಡಿತು. ಪ್ರಮಾಣ 2015ಕ್ಕೆ 45, 2017ಕ್ಕೆ 38.6 ಆಯಿತು. ಇಳಿದದ್ದೆಲ್ಲ ಬ್ರಷ್ಷಿನಿಂದಲೇ ಎಂದು ಹೇಳಲಾಗದು, ಆದರೆ ಕೌನ್ಸಿಲ್ ಮನಸ್ಸು ಮಾಡಿದ ಊರು ಅದು.

ದೇಶದ ಮಟ್ಟದಲ್ಲಿ 2024ರ ಸಮೀಕ್ಷೆಯಲ್ಲಿ 5 ವರ್ಷದವರಲ್ಲಿ ಶೇ. 22.4 ಮಕ್ಕಳಿಗೆ ಹುಳುಕು. ಅತಿ ಬಡ ಪ್ರದೇಶಗಳಲ್ಲಿ ಶೇ. 32, ಅನುಕೂಲಸ್ಥ ಪ್ರದೇಶಗಳಲ್ಲಿ ಶೇ. 14ಕ್ಕಿಂತ ಕಡಿಮೆ. ಇದನ್ನೇ ಗುರಿಯಾಗಿಟ್ಟು 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಪ್ರದೇಶಗಳ 3ರಿಂದ 5 ವರ್ಷದ 6 ಲಕ್ಷ ಮಕ್ಕಳವರೆಗೆ ಹಲ್ಲುಜ್ಜಿಸಲು ಕೌನ್ಸಿಲ್‌ಗಳಿಗೆ 1 ಕೋಟಿ 10 ಲಕ್ಷ ಪೌಂಡ್ ಪ್ರಕಟಿಸಿತು. ಮಗುವಿಗೆ 18 ಪೌಂಡ್ ಚಿಲ್ಲರೆ. ಬ್ರಷ್ಷು, ಪೇಸ್ಟು ಕೋಲ್ಗೇಟ್ ಕಂಪನಿಯ ದಾನ. ಕಂಪನಿಯ ದಾನದ ಮೇಲೆ ಸರ್ಕಾರಿ ಕಾರ್ಯಕ್ರಮ ನಿಲ್ಲುವುದು ನನಗೆ ಅಷ್ಟು ಹಿತವೆನಿಸುವುದಿಲ್ಲ, ಆದರೆ ಮಗುವಿನ ಹಲ್ಲಿಗೆ ಅದು ಗೊತ್ತಾಗುವುದಿಲ್ಲವಲ್ಲ.

ಇದರಲ್ಲಿ ನಮ್ಮದೇನು ಅಂತ ಕೇಳಬಹುದು. ಫುಲ್‌ಟೈಮ್ ವಿದ್ಯಾರ್ಥಿಗಳಿಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ, ಹಾಗಾಗಿ ಕೌನ್ಸಿಲ್ ಅಂದರೆ ಕಸದ ಡಬ್ಬಿ ಅಂತಷ್ಟೇ ನಮಗೆ ಗೊತ್ತು. ಹಲ್ಲು ನೋವು ಬಂದರೂ ಊರಿಗೆ ಹೋದಾಗ ರೂಟ್ ಕೆನಾಲ್ ಮಾಡಿಸಿಕೊಳ್ಳೋಣ ಅಂತ ದಿನ ತಳ್ಳುತ್ತೇವೆ. ಆದರೆ ಒಂದು ಸಂಗತಿ ನಮ್ಮಲ್ಲಿ ಎಷ್ಟೋ ಜನಕ್ಕೆ ತಿಳಿದಿಲ್ಲ: ವೀಸಾ ಮೇಲೆ ಇಲ್ಲಿ ವಾಸವಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮತದಾರರ ಪಟ್ಟಿಗೆ ಸೇರಬಹುದು, ಕೌನ್ಸಿಲ್ ಚುನಾವಣೆಯಲ್ಲಿ ವೋಟು ಹಾಕಬಹುದು. ಎಷ್ಟೋ ಕೌನ್ಸಿಲ್‌ಗಳು ಬಜೆಟ್ಟಿಗೆ ಮುಂಚೆ ಚಳಿಗಾಲದಲ್ಲಿ ಜನರ ಅಭಿಪ್ರಾಯವನ್ನೂ ಕೇಳುತ್ತವೆ. 'ಇತರೆ'ಯಲ್ಲಿ ಹಲ್ಲಿಗೆ ಎಷ್ಟಿಟ್ಟಿದ್ದೀರಿ ಎಂದು ಕೇಳಲು ಅದೇ ಸಮಯ.

ಇಷ್ಟನ್ನೂ ಓದಿಕೊಂಡು ಎರಡು ವಾರದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಅವರು ಆಗಲೇ ಸೈನ್ ಹಾಕಿ ಕೊಟ್ಟಿದ್ದರು. "ಅದಿರ್ಲಿ, ಮುಂದಿನ ವರ್ಷ ಸಣ್ಣೋನು ನರ್ಸರಿಗೆ ಸೇರ್ತಾನೆ. ಅಷ್ಟ್ರಲ್ಲಿ ನಿಲ್ಲಿಸ್ಬಿಡಲ್ಲ ತಾನೇ?" ಎಂದು ಕೇಳಿದರು.