ಮೊದಲು ಹೊಲ ನೋಡು, ಆಮೇಲೆ ಮದ್ದು ಹೇಳು

ಪುಟ್ಟೀ, ಸಿಇಟಿ ರ‍್ಯಾಂಕ್ ಬಂತು, ಇನ್ನು ಉಳಿದಿರುವುದು ಆಪ್ಷನ್ ಎಂಟ್ರಿ. ಬಿಎಸ್ಸಿ ಅಗ್ರಿ ಮೊದಲು ಹಾಕಲೋ ಎಂಜಿನಿಯರಿಂಗ್ ಮೊದಲು ಹಾಕಲೋ ಎಂದು ಕೇಳಿದ್ದೀಯ. ಭಾವ “ಹೊಲ ಉಳೋದಕ್ಕೆ ಡಿಗ್ರಿ ಯಾಕೆ” ಅನ್ನುತ್ತಾರೆ. ಅಕ್ಕ “ಅಗ್ರಿ ಓದಿದರೆ ಸರ್ಕಾರಿ ಕೆಲಸ ಗ್ಯಾರಂಟಿ” ಅನ್ನುತ್ತಾಳೆ. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಆದರೆ ಎರಡೂ ಪೂರ್ತಿ ನಿಜವಲ್ಲ. ಕೃಷಿ ಇಲಾಖೆಯಲ್ಲಿ ತಲೆ ನರೆಸಿಕೊಂಡವನು ನಾನು. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ, ತೀರ್ಮಾನ ನಿನ್ನದು.

ಮೊದಲು ಓದಿನ ವಿಚಾರ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಬೇಸಾಯಶಾಸ್ತ್ರ, ಮಣ್ಣುವಿಜ್ಞಾನ, ತಳಿ ಅಭಿವೃದ್ಧಿ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ವಿಸ್ತರಣೆ ಎಲ್ಲವೂ ಇವೆ. ಅಪ್ಪ ಮಾಡುವ ಬೇಸಾಯವನ್ನೇ ಪುಸ್ತಕದಲ್ಲಿ ಮತ್ತೆ ಓದಿಸುತ್ತಾರೆ ಅಂದುಕೊಳ್ಳಬೇಡ. ಅಪ್ಪನಿಗೆ ಗೊತ್ತಿರುವುದಕ್ಕೆ ಕಾರಣವೇನು, ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಕಲಿಸುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ರೈತ ಬಂದು “ಎಲೆ ಹಳದಿ ಆಗ್ತಿದೆ ಸಾರ್, ಏನು ಹೊಡೀಲಿ” ಅನ್ನುತ್ತಾನೆ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ತಗ್ಗಿನ ಭಾಗದ ಗಿಡಗಳಷ್ಟೇ ಹಳದಿಯಾಗಿದ್ದರೆ ನೀರು ನಿಂತು ಬೇರಿಗೆ ಉಸಿರಾಡಲು ಆಗುತ್ತಿಲ್ಲ. ಅಲ್ಲಿ ಬೇಕಿರುವುದು ಔಷಧಿಯಲ್ಲ, ಬಸಿಗಾಲುವೆ. ಮನುಷ್ಯರ ಡಾಕ್ಟರಿಗೆ ರೋಗಿ ಬಾಯಿಬಿಟ್ಟು ಹೇಳುತ್ತಾನೆ, ಗಿಡ ಹೇಳುವುದಿಲ್ಲ. ನೀನೇ ಹೊಲಕ್ಕಿಳಿದು ನೋಡಬೇಕು. ಈ ನೋಟ ಬಂದರೆ ಡಿಗ್ರಿಗೆ ಬೆಲೆ. ಬಾರದಿದ್ದರೆ ಅಂಗಡಿಯವನು ಕೊಡುವ ಮೂರು ಬಾಟಲಿಗೂ ನಿನ್ನ ಸಲಹೆಗೂ ವ್ಯತ್ಯಾಸ ಇರುವುದಿಲ್ಲ.

ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಾಡಿದ್ದೂ ಇದನ್ನೇ. ಮಲೆನಾಡಿನ ಅಡಿಕೆಗೆ ಕೊಳೆರೋಗ ತಗುಲಿ ಕಾಯಿ ಉದುರುತ್ತಿತ್ತು. ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ರೋಗಾಣುವನ್ನು ಅಧ್ಯಯನ ಮಾಡಿ, ಅದಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಇಂದಿಗೂ ಮಳೆಗಾಲ ಹಿಡಿಯುವ ಮುನ್ನ ತೋಟಗಳಲ್ಲಿ ಹೊಡೆಯುವುದು ಇದನ್ನೇ. ಕಾಲೇಜಿನಲ್ಲಿ ನಿನ್ನ ಕೈಯಲ್ಲೂ ಮಾಡಿಸುತ್ತಾರೆ. ಆಗ ಹೊಳೆಯುವ ಕಬ್ಬಿಣದ ಚೂರಿಯೊಂದನ್ನು ದ್ರಾವಣದಲ್ಲಿ ಅದ್ದಿ ನೋಡು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಪರೀಕ್ಷೆಗೆ ಬರೆಯುವಾಗ ಇದು ಒಂದು ಸಾಲು, ತೋಟದಲ್ಲಿ ಒಂದು ವರ್ಷದ ಫಸಲು.

ಯಾವ ಕಾಲೇಜು ಎಂದು ಕೇಳಿದರೆ, ಆ ಊರಿನ ಬೆಳೆ ನೋಡಿ ಆರಿಸಿಕೋ ಎನ್ನುತ್ತೇನೆ. ಬೆಂಗಳೂರು ಕೃಷಿ ವಿವಿ 1964ರದ್ದು. ಜಿಕೆವಿಕೆಯಲ್ಲಿ ರಾಗಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಭತ್ತ, ಕಬ್ಬು ಕಣ್ಣೆದುರೇ ಇರುತ್ತವೆ. ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟದ್ದು ಆ ಮಂಡ್ಯದ ನೆಲದಲ್ಲೇ. ಧಾರವಾಡದಲ್ಲಿ ಎರೆಮಣ್ಣಿನ ಜೋಳ, ಹತ್ತಿ. ರಾಯಚೂರಿನ ಕಡೆ ತುಂಗಭದ್ರೆಯ ನೀರಾವರಿ ಭತ್ತ, ಅತ್ತ ಮೇಲೆ ಹೋದರೆ ಕಲಬುರಗಿಯ ತೊಗರಿ. ಶಿವಮೊಗ್ಗದಲ್ಲಿ ಅಡಿಕೆ, ಮೆಣಸು, ಶುಂಠಿ. ತೋಟಗಾರಿಕೆಯೇ ಬೇಕೆಂದರೆ ಬಾಗಲಕೋಟೆಯ ವಿವಿ ಇದೆ. ಅರಣ್ಯಶಾಸ್ತ್ರಕ್ಕೆ ಶಿರಸಿ, ಪೊನ್ನಂಪೇಟೆ; ರೇಷ್ಮೆಗೆ ಚಿಂತಾಮಣಿ. ಕೃಷಿ ಎಂಜಿನಿಯರಿಂಗ್ ಬಿ.ಟೆಕ್ ಕೂಡ ಇದೆ, ಯಂತ್ರದ ಮೇಲೆ ಆಸೆ ಇದ್ದರೆ ಅದನ್ನೂ ಯೋಚಿಸು.

ಇನ್ನು ಕೆಲಸ. ಅಕ್ಕ ಹೇಳುವ ಸರ್ಕಾರಿ ಹುದ್ದೆ ಸುಳ್ಳಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೂರುವ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿಗಳೆಲ್ಲ ಈ ಓದಿನವರೇ. ಆದರೆ ಕೆಪಿಎಸ್‌ಸಿ ಅಧಿಸೂಚನೆ ವರ್ಷಾವರ್ಷ ಬರುವುದಿಲ್ಲ. ಬಂದದ್ದು ಮುಗಿಯುವುದಕ್ಕೂ ಕಾಲ ಹಿಡಿಯುತ್ತದೆ. ಅದೊಂದನ್ನೇ ನಂಬಿ ಕೋಚಿಂಗ್ ಊರಿನ ರೂಮಿನಲ್ಲಿ ಯೌವನ ಕಳೆಯಬೇಡ. ಬ್ಯಾಂಕುಗಳಿಗೆ ಐಬಿಪಿಎಸ್ ಮೂಲಕ ಕೃಷಿ ಕ್ಷೇತ್ರಾಧಿಕಾರಿಗಳನ್ನು ತೆಗೆದುಕೊಳ್ಳುತ್ತಾರೆ, ನಬಾರ್ಡ್‌ನಲ್ಲಿ ಗ್ರೇಡ್ ಎ ಹುದ್ದೆಗಳಿವೆ. ಅರಣ್ಯ ಸೇವೆಯ ಐಎಫ್‌ಎಸ್ ಪರೀಕ್ಷೆಗೂ ಕೃಷಿ ಪದವೀಧರರು ಕೂರಬಹುದು. ಪರೀಕ್ಷೆ ಬರೆ, ಜೊತೆಗೆ ಕೆಲಸವನ್ನೂ ಮಾಡು.

ಖಾಸಗಿಯವರೂ ಬೇಕಾದಷ್ಟು ಇದ್ದಾರೆ. ರಾಣೇಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಅಲ್ಲಿ ಟೊಮೆಟೊ, ಮೆಣಸಿನಕಾಯಿ, ಹತ್ತಿಯ ಹೈಬ್ರಿಡ್ ಬೀಜ ಮಾಡುವ ಹೊಲಕ್ಕೆ ಒಮ್ಮೆ ಹೋಗು. ಸಂಜೆ ಹೆಣ್ಣುಮಕ್ಕಳು ಮರುದಿನ ಅರಳಬೇಕಾದ ಮೊಗ್ಗನ್ನು ಬಿಡಿಸಿ ಗಂಡು ಭಾಗವನ್ನು ಕಿತ್ತು ತೆಗೆಯುತ್ತಾರೆ. ಬೆಳಗ್ಗೆ ಬೇರೆ ಗಿಡದ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸುತ್ತಾರೆ. ಆ ಹೊಲದ ಬೀಜ ಶುದ್ಧವೋ ಇಲ್ಲವೋ ಎಂದು ಹೇಳುವ ಹೊಣೆ ಪದವೀಧರನದ್ದು. ಇಂಥ ಉತ್ಪಾದನೆಯ ಕೆಲಸ ಒಂದು ಬಗೆ, ಗೊಬ್ಬರ–ಔಷಧಿ ಕಂಪನಿಗಳ ಮಾರಾಟದ ಕೆಲಸ ಇನ್ನೊಂದು. ಮಾರಾಟದಲ್ಲಿ ಬೈಕಿನ ಮೇಲೆ ಬಿಸಿಲು ತಿನ್ನಬೇಕು, ತಿಂಗಳ ಟಾರ್ಗೆಟ್ ಇರುತ್ತದೆ, ಶುರುವಿನ ಸಂಬಳ ನೋಡಿ ಎಂಜಿನಿಯರಿಂಗ್ ಗೆಳತಿಯರು ಮೂಗು ಮುರಿಯಬಹುದು. ಟಾರ್ಗೆಟ್‌ಗಾಗಿ ಬೇಡದ ಔಷಧಿಯನ್ನು ರೈತನ ತಲೆಗೆ ಕಟ್ಟಿದೆಯೋ, ಮುಂದಿನ ಹಂಗಾಮಿಗೆ ಆ ಊರಿನಲ್ಲಿ ನಿನಗೆ ನೀರೂ ಹುಟ್ಟುವುದಿಲ್ಲ.

ಸಂಶೋಧನೆ ಇಷ್ಟವಾದರೆ ಎಂಎಸ್ಸಿ, ಪಿಎಚ್‌ಡಿವರೆಗೆ ಹೋಗು. ಐಸಿಎಆರ್‌ನ ಜೆಆರ್‌ಎಫ್ ಸಿಕ್ಕರೆ ದೇಶದ ಬೇರೆ ವಿವಿಗಳಲ್ಲೂ ಓದಬಹುದು. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇವೆಲ್ಲ ನಮ್ಮ ನಾಡಿನಲ್ಲೇ ಇವೆ. ಒಂದು ತಳಿ ಹೊರಬರಲು ಹತ್ತಾರು ಹಂಗಾಮು ಬೇಕು. ತಾಳ್ಮೆ ಇಲ್ಲದವರಿಗೆ ಆ ದಾರಿ ಅಲ್ಲ.

ಸ್ವಂತವಾಗಿ ಏನಾದರೂ ಮಾಡುವ ಆಸೆ ಇದ್ದರೆ, ಕೃಷಿ ಪದವೀಧರರಿಗೆಂದೇ ಅಗ್ರಿ ಕ್ಲಿನಿಕ್ ಯೋಜನೆ 2002ರಿಂದ ಇದೆ. ತರಬೇತಿ ಕೊಡುತ್ತಾರೆ, ಬ್ಯಾಂಕ್ ಸಾಲಕ್ಕೆ ಶೇ. 36 ಸಹಾಯಧನ, ಹೆಣ್ಣುಮಕ್ಕಳಿಗೆ ಶೇ. 44. ನರ್ಸರಿ, ಮಣ್ಣು ಪರೀಕ್ಷೆಯ ಲ್ಯಾಬು, ಬಾಡಿಗೆ ಯಂತ್ರ, ಹೀಗೆ ಏನಾದರೂ ಮಾಡಬಹುದು. ಊರಿಗೆ ವಾಪಸು ಬಂದು ಅಪ್ಪನ ಜಮೀನು ನೋಡಿಕೊಂಡರೂ ಅದು ಸೋಲಲ್ಲ. ಆದರೆ ಸಹಾಯಧನ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸಾಲಕ್ಕೆ ಕೈ ಹಾಕಬೇಡ. ಗಿರಾಕಿ ಯಾರು ಎಂದು ಮೊದಲು ಲೆಕ್ಕ ಹಾಕು.

ಯಾವ ದಾರಿ ಹಿಡಿದರೂ ನಾಲ್ಕು ವರ್ಷದಲ್ಲಿ ಕೆಲವು ಅಭ್ಯಾಸ ಮಾಡಿಕೋ. ರಜೆಗೆ ಬಂದಾಗ ನಮ್ಮ ಹೊಲದ ಮಣ್ಣು ನೀನೇ ತೆಗೆ: ಬದು, ಮರದ ನೆರಳು, ತಿಪ್ಪೆ ಹಾಕಿದ ಜಾಗ ಬಿಟ್ಟು ಹತ್ತು ಹದಿನೈದು ಕಡೆ ‘ವಿ’ ಆಕಾರದ ಗುಣಿ ತೆಗೆದು, 15 ಸೆಂ.ಮೀ. ಆಳದವರೆಗಿನ ಮಣ್ಣು ಕೆರೆದು, ಎಲ್ಲವನ್ನೂ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸು. ಕೊನೆಯ ವರ್ಷ ಹಳ್ಳಿಯಲ್ಲಿ ಇರುವ ಗ್ರಾಮೀಣ ಕೃಷಿ ಕಾರ್ಯಾನುಭವವನ್ನು ಪಿಕ್ನಿಕ್ ಮಾಡಿಕೊಳ್ಳಬೇಡ. ನಾಟಿ, ಕಳೆ, ಬೀಜ ಆರಿಸುವುದು ಎಲ್ಲ ಹೆಂಗಸರ ಕೈಯಲ್ಲೇ ಇದ್ದರೂ ನಾವು ಗಂಡಸರು ಸಭೆ ಮಾಡಿದ್ದು ಗಂಡಸರ ಜೊತೆಗೇ. ನಿನ್ನ ಹತ್ತಿರ ಅವರು ಬಾಯಿ ಬಿಚ್ಚಿ ಮಾತಾಡುತ್ತಾರೆ. ಇಂಗ್ಲಿಷ್‌ನಲ್ಲಿ ಓದಿದ್ದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಲು ಬರದಿದ್ದರೆ ನಿನಗೇ ಅದು ತಿಳಿದಿಲ್ಲ ಎಂದುಕೋ.

ಆಪ್ಷನ್ ಎಂಟ್ರಿಗೆ ಇನ್ನೂ ಕೆಲವು ದಿನ ಇದೆ. ಅಷ್ಟರಲ್ಲಿ ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಿನ ಕೂತು ನೋಡು, ಹತ್ತಿರದ ನರ್ಸರಿಯಲ್ಲೊಂದು ದಿನ, ಬ್ಯಾಂಕಿನ ಕೃಷಿ ಅಧಿಕಾರಿಯ ಜೊತೆ ಒಂದು ದಿನ. ಇವುಗಳಲ್ಲಿ ಒಂದಾದರೂ ಜೀವನವಿಡೀ ಮಾಡಬಹುದು ಅನ್ನಿಸಿದರೆ ಅಗ್ರಿಯನ್ನು ಧೈರ್ಯವಾಗಿ ಮೊದಲಿಗೇ ಹಾಕು. ಎಂಜಿನಿಯರಿಂಗ್ ಸಿಗದಿದ್ದರೆ ಇರಲಿ ಎಂದು ಮಾತ್ರ ಹಾಕಬೇಡ. ಬೇಕೆಂದು ಬರುವ ಇನ್ನೊಂದು ಮಗುವಿನ ಸೀಟು ಅದು.