ಉತ್ತರಾಧಿಕಾರಿ ಅಂದ್ರೆ ಯಾರು?

ಮಕ್ಕಳೇ, ಈ ಪದವನ್ನು ಬಿಡಿಸಿ ನೋಡಿ: ಉತ್ತರ + ಅಧಿಕಾರಿ. ಇದು ಸವರ್ಣದೀರ್ಘ ಸಂಧಿ. ಇಲ್ಲಿ ‘ಉತ್ತರ’ ಅಂದ್ರೆ ದಿಕ್ಕಲ್ಲ, ಪ್ರಶ್ನೆಗೆ ಕೊಡೋ ಉತ್ತರವೂ ಅಲ್ಲ, ‘ನಂತರದ’ ಎಂದರ್ಥ. ಒಬ್ಬರ ನಂತರ ಅವರ ಜಾಗಕ್ಕೆ ಬರುವವರೇ ಉತ್ತರಾಧಿಕಾರಿ.

ಒಂದು ನಿಜವಾದ ಉದಾಹರಣೆ ನೋಡೋಣ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಹಾಕಿ ತಂಡಕ್ಕೆ ಕರೆನ್ ಶೆಲ್ಟನ್ 42 ವರ್ಷ ಕೋಚ್ ಆಗಿದ್ದರು. ಅವರ ಕಾಲದಲ್ಲಿ ತಂಡ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. 2022ರ ಕೊನೆಯಲ್ಲಿ ಅವರು ನಿವೃತ್ತರಾದರು. ಮುಂದೆ ಯಾರು? ಹೊರಗಿನ ಅನುಭವಿ ಕೋಚೋ, ತಂಡವನ್ನು ಒಳಗಿನಿಂದ ಬಲ್ಲವರೋ?

2023ರ ಜನವರಿಯಲ್ಲಿ ವಿಶ್ವವಿದ್ಯಾಲಯ ಆರಿಸಿದ್ದು 22 ವರ್ಷದ ಎರಿನ್ ಮ್ಯಾಟ್ಸನ್ ಅವರನ್ನು. ಹಿಂದಿನ ನವೆಂಬರ್‌ವರೆಗೂ ಅವರು ಅದೇ ತಂಡದ ಆಟಗಾರ್ತಿ! ನಿನ್ನೆ ಜೊತೆಗೆ ಆಡಿದ ಗೆಳತಿಗೆ ಇವತ್ತು ‘ಈ ಪಂದ್ಯದಲ್ಲಿ ನೀನು ಹೊರಗೆ ಕೂತ್ಕೋ’ ಅಂತ ಹೇಳೋದು ಸುಲಭಾನಾ?

ಆ ವರ್ಷವೂ ತಂಡ ಚಾಂಪಿಯನ್ ಆಯಿತು. ಆದ್ದರಿಂದ ಆಯ್ಕೆ ಸರಿ ಅಂತ ಈಗ ಎಲ್ಲರೂ ಹೇಳಬಹುದು. ಆದರೆ ಆರಿಸುವ ದಿನ ಫಲಿತಾಂಶ ಯಾರಿಗೂ ಗೊತ್ತಿರಲ್ಲ, ಅಲ್ವಾ?

ಮನೆಯಲ್ಲಿ ಮಾತಾಡಿ, ಐದು ವಾಕ್ಯ ಬರೆಯಿರಿ: ತಂಡ ಸೋತಿದ್ದರೆ ಆ ಆಯ್ಕೆ ತಪ್ಪಾಗುತ್ತಿತ್ತೇ? ನೀವಾಗಿದ್ದರೆ ಯಾರನ್ನು ಆರಿಸುತ್ತಿದ್ರಿ, ಯಾಕೆ?